ಭಾವನ ಸಂಘ, ನಾದಿನಿಯ ದೂರು

ಆಸ್ಪತ್ರೆಯ ಗೇಟು ದಾಟಿ ಎಡಕ್ಕೆ ತಿರುಗಿದರೆ ಭಾವನ ಔಷಧಿ ಅಂಗಡಿ, ಬಲಕ್ಕೆ ತಿರುಗಿದರೆ ನಾದಿನಿಯದು. ನಾದಿನಿಯನ್ನು ಬೀದಿಯವರೆಲ್ಲ ಮಾತ್ರೆಯಮ್ಮ ಎಂದೇ ಕರೆಯುತ್ತಿದ್ದರು. ಆಕೆ ಓದು ಮುಗಿಸಿ ಅಂಗಡಿ ತೆರೆದಾಗ ಭಾವನೇ ಕೈಹಿಡಿದು ಹೋಲ್‌ಸೇಲ್‌ನವರ ಪರಿಚಯ ಮಾಡಿಸಿ, ಗಾಜಿನ ಬೀರುಗಳನ್ನು ಎಲ್ಲಿಡಬೇಕೆಂದು ನಿಂತು ಹೇಳಿಕೊಟ್ಟಿದ್ದರು. ಭಾವ ಊರಿನ ಔಷಧಿ ಅಂಗಡಿಗಳ ಸಂಘಕ್ಕೆ ಅಧ್ಯಕ್ಷರು ಬೇರೆ.

ಜಗಳ ಶುರುವಾದದ್ದು ಒಬ್ಬ ದರ್ಜಿಯಿಂದ. ಆತ ತಲೆ ತಿರುಗಿ ಹೊಲಿಗೆ ಯಂತ್ರದ ಮೇಲೇ ಒರಗಿಬಿಟ್ಟನಂತೆ. ಮಾತ್ರೆಯಮ್ಮ ಗದರಿಸಿ ಕೇಳಿದಾಗ, ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದೇನೆ ಎಂದು ಬಾಯಿಬಿಟ್ಟ.

“ಹಾಗೆ ಮಾಡಿದ್ರೆ ತಿಂಗಳು ಪೂರ್ತಿ ಬರುತ್ತಮ್ಮ. ಇಲ್ಲದಿದ್ರೆ ಕೈಗೆ ಎಟುಕಲ್ಲ.”

ಅದೇ ಔಷಧಿಯನ್ನು ಇನ್ನೊಂದು ಕಂಪನಿ ತೀರಾ ಅಗ್ಗಕ್ಕೆ ಮಾಡುತ್ತಿತ್ತು. ಮಾತ್ರೆಯಮ್ಮ ಅದನ್ನು ತರಿಸಿದಳು. ತನ್ನ ಲಾಭವನ್ನೂ ಇಳಿಸಿ, ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆಗಿಂತ ಕಡಿಮೆಗೆ ಎಲ್ಲರಿಗೂ ಮಾರಿದಳು. ಹತ್ತಾರು ಔಷಧಿಗಳಿಗೆ ಹೀಗೇ ಮಾಡಿದ್ದೇ ತಡ, ಅಂಗಡಿಯ ಮುಂದೆ ಜನಜಾತ್ರೆಯಾಯಿತು.

ಭಾವ ಮುಖ ಊದಿಸಿಕೊಂಡು ಬಂದರು. “ಅಚ್ಚಾದ ಬೆಲೆಗಿಂತ ಕಡಿಮೆಗೆ ಯಾರೂ ಮಾರಬಾರದು ಅಂತ ಸಂಘದಲ್ಲಿ ತೀರ್ಮಾನ ಆಗಿದೆಯಲ್ಲಮ್ಮ. ನಮ್ಮ ಮನೆಯವಳೇ ಹೀಗೆ ಮಾಡಿದ್ರೆ ನಾನು ಹೇಗೆ ತಲೆ ಎತ್ತಲಿ?”

“ತಲೆ ಎತ್ತೋಕೆ ಆಗದೆ ಬಿದ್ದೋನು ದರ್ಜಿ, ಭಾವ. ನೀವಲ್ಲ.”

ಭಾವ ಹೊರಟುಹೋದರು. ಮುಂದಿನ ವಾರದಿಂದ ಹೋಲ್‌ಸೇಲ್‌ನವರ ವ್ಯಾನು ಆಕೆಯ ಅಂಗಡಿಯ ಮುಂದೆ ನಿಲ್ಲದೆ ಸರ್ರನೆ ಸಾಗತೊಡಗಿತು. ಫೋನು ಮಾಡಿದರೆ ಒಬ್ಬರೂ ಎತ್ತಲಿಲ್ಲ. ಬೀರುಗಳು ಒಂದೊಂದಾಗಿ ಬರಿದಾದವು.

ಅತ್ತು ಕೂರುವ ಜಾಯಮಾನ ಆಕೆಯದಲ್ಲ. ಗಿರಾಕಿಯಾಗಿದ್ದ ಒಬ್ಬ ವಕೀಲೆ ಸ್ಪರ್ಧಾ ಆಯೋಗ ಎಂಬುದೊಂದಿದೆ ಎಂದಳು. ಮಾತ್ರೆಯಮ್ಮ ಕಕ್ಕಾಬಿಕ್ಕಿಯಾದಳು. “ಸ್ಪರ್ಧೆನಾ? ನಾನು ಓಡಬೇಕಾ, ಹಾಡಬೇಕಾ?”

“ಏನೂ ಬೇಡ. ಅಂಗಡಿಯವರೆಲ್ಲ ಒಳಗೊಳಗೇ ಸೇರಿಕೊಂಡು ಬೆಲೆ ಇಳಿಯದ ಹಾಗೆ ನೋಡಿಕೊಳ್ಳೋದು ತಪ್ಪು. ಪೈಪೋಟಿ ಇದ್ರೆ ತಾನೆ ಬೆಲೆ ಇಳಿಯೋದು? ಅದನ್ನ ಕಾಯೋಕೆ ಅವರಿರೋದು.”

ಮಾತ್ರೆಯಮ್ಮ ದೂರು ಕೊಟ್ಟಳು. ಸುದ್ದಿ ಅಕ್ಕನ ಕಿವಿಗೆ ಬಿತ್ತು. ಅತ್ತ ಗಂಡ, ಇತ್ತ ತಂಗಿ. ಅಕ್ಕ ಯಾರಿಗೂ ಬುದ್ಧಿ ಹೇಳಲು ಹೋಗಲಿಲ್ಲ. ವಿಚಾರಣೆಯ ದಿನ ಊಟದ ದೊಡ್ಡ ಕ್ಯಾರಿಯರ್ ಹಿಡಿದು ಆಯೋಗದ ಕಚೇರಿಯ ಬೆಂಚಿನ ಮೇಲೆ ಬಂದು ಕೂತಳು, ಅಷ್ಟೆ.

ಒಳಗೆ ಫ್ಯಾನು ಕಿರುಗುಟ್ಟುತ್ತಿತ್ತು. ಸಂಘದ ವಕೀಲರು, ಇದೆಲ್ಲ ಕಟ್ಟುಕಥೆ, ಸರಬರಾಜು ನಿಂತದ್ದಕ್ಕೂ ಸಂಘಕ್ಕೂ ಸಂಬಂಧವೇ ಇಲ್ಲ ಎಂದು ನಿರರ್ಗಳವಾಗಿ ವಾದಿಸಿದರು. ಬಳಿಕ ಆಯೋಗದ ಅಧ್ಯಕ್ಷೆ ಕನ್ನಡಕ ಸರಿಪಡಿಸಿಕೊಂಡು ಭಾವನನ್ನೇ ಕೇಳಿದರು.

“ಇವರಿಗೆ ಔಷಧಿ ಕೊಡಬೇಡಿ ಅಂತ ನೀವು ಹೇಳಿದ್ರಾ?”

ವಕೀಲರು ಭಾವನ ಅಂಗಿಯ ತೋಳು ಜಗ್ಗಿದರು. ಆದರೆ ಹುಟ್ಟಿದಾರಭ್ಯ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಭಾವ ಎದೆ ಸೆಟೆಸಿ ಎದ್ದುನಿಂತರು.

“ಪೂರ್ತಿ ನಿಲ್ಲಿಸಿ ಅಂತ ಹೇಳಲಿಲ್ಲ, ಮೇಡಂ. ಬುದ್ಧಿ ಬರಲಿ ಅಂತ ಸ್ವಲ್ಪ ದಿನ ತಡೆಹಿಡಿಯಿರಿ ಅಂದೆ. ನಮ್ಮ ಹುಡುಗಿ ತಾನೆ.”

ವಕೀಲರು ಹಣೆ ಚಚ್ಚಿಕೊಂಡರು. ಅಧ್ಯಕ್ಷೆ ನಗು ತಡೆಯಲು ಕೆಮ್ಮಿದರು. ಮಾತ್ರೆಯಮ್ಮನಿಗೆ ಮಾತ್ರ ಗೆದ್ದೆನೆಂಬ ಖುಷಿಯ ಜೊತೆಗೇ ಭಾವನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿಬಂತು. ಇಂಥವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಾದೀತು?

ಮಧ್ಯಾಹ್ನ ಮೂವರೂ ಅದೇ ಬೆಂಚಿನ ಮೇಲೆ ಊಟಕ್ಕೆ ಕೂತರು. ನಡುವೆ ಅಕ್ಕ. ಅತ್ತಿತ್ತ ಕೂತವರು ಒಬ್ಬರನ್ನೊಬ್ಬರು ನೋಡದೆ, ಒಂದೇ ಡಬ್ಬಿಗೆ ಕೈಹಾಕಿ ಉಂಡರು.

ಆದೇಶ ಬಂತು. ಅಂಗಡಿಯವರು ಕಡಿಮೆಗೆ ಮಾರುವುದನ್ನು ಸಂಘ ತಡೆಯುವಂತಿಲ್ಲ, ಯಾರ ಸರಬರಾಜನ್ನೂ ನಿಲ್ಲಿಸುವಂತಿಲ್ಲ. ಸಂಘಕ್ಕೆ ದಂಡ ಬೇರೆ. ವ್ಯಾನು ಮತ್ತೆ ಬಂದು ನಿಂತಿತು. ಆಮೇಲೊಂದು ಬೆಳಿಗ್ಗೆ ಭಾವನ ಅಂಗಡಿಯ ಮುಂದೆ ಆಳೆತ್ತರದ ಫಲಕ ಎದ್ದಿತ್ತು: ‘ಬಲಗಡೆಯ ಅಂಗಡಿಗಿಂತ ಇಲ್ಲಿ ಅಗ್ಗ.’

ಮಾತ್ರೆಯಮ್ಮನಿಗೆ ಮೊದಲು ಮೈ ಉರಿಯಿತು. ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಕ್ಕು ಸುಮ್ಮನಾಗಲಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆಗಳ ಬೆಲೆ ಇಳಿಸಿದಳು. ಭಾವ ಉಬ್ಬಸದ ಔಷಧಿಯ ಬೆಲೆ ಇಳಿಸಿದರು. ಇವರಿಬ್ಬರ ಹಟ ನೋಡಿ ಪಕ್ಕದ ಬೀದಿಯವರೂ ಇಳಿಸಲೇಬೇಕಾಯಿತು. ಎರಡೂ ಅಂಗಡಿಗಳಲ್ಲಿ ವ್ಯಾಪಾರ ಏರಿತೇ ಹೊರತು ಯಾರ ಒಲೆಯೂ ಆರಲಿಲ್ಲ.

ಒಂದು ಭಾನುವಾರ ಅಕ್ಕನ ಮನೆಯಲ್ಲಿ ಭಾವ ನೀರಿನ ಲೋಟ ತಿರುಗಿಸುತ್ತ, ಏನೂ ಗೊತ್ತಿಲ್ಲದವರಂತೆ ಕೇಳಿದರು. “ಹೌದಮ್ಮ, ಮುಂದಿನ ತಿಂಗಳು ಥೈರಾಯ್ಡ್ ಮಾತ್ರೆಗೆ ಎಷ್ಟು ಇಳಿಸ್ತಾ ಇದ್ದೀಯ?”

“ಹೇಳೋ ಹಾಗಿಲ್ಲ ಭಾವ. ಬೆಲೆ ಮಾತಾಡಿಕೊಂಡ್ರೆ ಈ ಸಲ ಇಬ್ಬರಿಗೂ ದಂಡ ಬೀಳುತ್ತೆ.”

ಭಾವ ಅಡುಗೆಮನೆಯತ್ತ ತಿರುಗಿ ಕೂಗಿದರು. “ನೋಡೇ, ನಿನ್ನ ತಂಗಿ ನನಗೇ ಕಾನೂನು ಹೇಳ್ತಾಳೆ.”

“ಕೇಳಿಸ್ಕೊಳ್ಳಿ ಮತ್ತೆ,” ಅಂದಳು ಅಕ್ಕ ಒಳಗಿನಿಂದ.