ಅಪ್ಪನ ಕುರ್ಚಿಗೊಂದು ಹಂಡೆ

ಲುಬೋರನ ಲೆಕ್ಕದಲ್ಲಿ ದುಡ್ಡು ಉಳಿಸುವುದೆಂದರೆ ಮೂರು ಊರು ಕಾರು ಓಡಿಸಿ, ಪಾತ್ರೆ ನೋಡಿ, ಕೊಳ್ಳದೆ ಮನೆಗೆ ಬರುವುದು. ಜನವರಿಯ ಎರಡು ಶನಿವಾರ ಅವನು ಹೀಗೆ ಧಾರಾಳವಾಗಿ ಉಳಿಸಿದ. ಪಕ್ಕದ ಸೀಟಿನಲ್ಲಿ ಕೂತ ತಂಗಿ ವ್ಲಾಸ್ತಾ, ಅವನು ಬೇಡವೆಂದ ಪಾತ್ರೆಗಳನ್ನೆಲ್ಲ ಮನಸ್ಸಿನಲ್ಲೇ ಕೊಂಡುಕೊಂಡಳು.

ಬೇಕಾಗಿದ್ದುದು ಮನೆಯಲ್ಲಿ ಬಿಯರು ಕಾಯಿಸಲು ಒಂದು ದೊಡ್ಡ ಹಂಡೆ. ಬಿಯರು ಬೇಕಾಗಿದ್ದುದು ಅಪ್ಪನ ಕುರ್ಚಿಗಾಗಿ.

ಅಪ್ಪ ಅಲೋಯಿಸ್ ನಲವತ್ತು ವರ್ಷ ಬಿಯರು ಕಾರ್ಖಾನೆಯ ನೆಲಮಾಳಿಗೆಯಲ್ಲಿ ದುಡಿದವರು. ಅಷ್ಟೂ ವರ್ಷ ಸಂಜೆಯಾದರೆ ‘ಕಪ್ಪು ಹುಂಜ’ ಎಂಬ ಬಿಯರು ಅಂಗಡಿಯ ಒಲೆ ಪಕ್ಕದ ಮೇಜಿಗೆ ಹೋಗಿ ಕೂತವರು. ಆ ಮೇಜಿಗೆ ಮೂರೇ ಕುರ್ಚಿ: ಒಂದು ಅಪ್ಪನದು, ಒಂದು ನಿವೃತ್ತ ಸಿಗ್ನಲ್‌ಮ್ಯಾನ್‌ನದು, ಇನ್ನೊಂದು ಗಡಿಯಾರ ರಿಪೇರಿಯ ಮುದುಕನದು. ಬೇರೆ ಯಾರಾದರೂ ತಿಳಿಯದೆ ಕೂತರೆ ಒಬ್ಬರೂ ಬಯ್ಯುವುದಿಲ್ಲ. ಅವರು ಏಳುವವರೆಗೆ ಸುಮ್ಮನೆ ನೋಡುತ್ತಾರೆ. ಈಗ ಅಪ್ಪನ ಮೊಣಕಾಲು ಹುಂಜದ ಮೆಟ್ಟಿಲು ಹತ್ತಲಾರೆನೆಂದು ಹಟ ಹಿಡಿದಿತ್ತು.

“ಮಾರ್ಚಿಗೆ ಎಪ್ಪತ್ತೈದು ತುಂಬುತ್ತೆ,” ಎಂದಿದ್ದರು ಅಪ್ಪ. “ಅವತ್ತು ನನ್ನ ರಕ್ತದೋರು ಯಾರು ಸ್ವಂತ ಕೈಯಲ್ಲಿ ಕಾಯಿಸಿದ ಬಿಯರು ತರ್ತಾರೋ, ಅದರ ನೊರೆ ಮೇಲೆ ಬೆಂಕಿಕಡ್ಡಿ ನಿಂತ್ರೆ, ಕುರ್ಚಿ ಅವರದು.”

ನನ್ನ ರಕ್ತದವರು ಎಂದರೆ ಲುಬೋರ್ ಎಂದು ಊರೇ ತಿಳಿದುಕೊಂಡಿತು. ಲುಬೋರನಂತೂ ಆ ಮಾತು ಮುಗಿಯುವ ಮೊದಲೇ ತಿಳಿದುಕೊಂಡಿದ್ದ.

ವ್ಲಾಸ್ತಾಗೆ ಆ ಕುರ್ಚಿ ಎಷ್ಟು ಬೇಕಿತ್ತೆಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಔಷಧಿ ಅಂಗಡಿಯ ಹಿಂಗೋಣೆಯಲ್ಲಿ ಮುಲಾಮು ಅರೆಯುವ ಅವಳು ಎಲ್ಲಿ ಸುಮ್ಮನೆ ಕೂತರೂ ಊರು ವಿಚಾರಣೆಗೆ ಬರುತ್ತಿತ್ತು: ಯಾಕಮ್ಮ ಸಪ್ಪಗಿದ್ದೀಯ, ಮೈ ಹುಷಾರಿಲ್ಲವಾ, ಯಾರಾದರೂ ಏನಾದರೂ ಅಂದರಾ. ಒಲೆ ಪಕ್ಕದ ಮೇಜಿನಲ್ಲಿ ಗಂಟೆಗೆ ಏಳು ಮಾತು ಆಡಿದರೆ ಅದು ಹಬ್ಬದ ದಿನ. ಮೌನವಾಗಿರುವವರನ್ನು ರೋಗಿಯೆಂದು ತಿಳಿಯದ ಜಾಗ ಇಡೀ ಊರಿನಲ್ಲಿ ಅದೊಂದೇ. ಅಂಥ ಜಾಗಕ್ಕೆ ಲುಬೋರ್ ಹೋಗಿ ಕೂರುತ್ತಾನೆ, ಕೂತು ಮಾತಾಡುತ್ತಾನೆ ಎಂದು ನೆನೆದಾಗಲೆಲ್ಲ ಅವಳು ಮುಲಾಮನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ಅರೆಯುತ್ತಿದ್ದಳು.

ಹೊಸ ಸ್ಟೀಲ್ ಹಂಡೆಯನ್ನು ಲುಬೋರ್ ಬೆಲೆಯ ಚೀಟಿ ನೋಡಿಯೇ ಬಿಟ್ಟ. ಮುಚ್ಚಿಹೋದ ಶಾಲೆಯೊಂದರ ಅಡುಗೆಮನೆಯ ಅಲ್ಯೂಮಿನಿಯಂ ಡಬರಿ ಅಗ್ಗಕ್ಕಿತ್ತು. ಆದರೆ ಅದರ ತಳ ಉಬ್ಬಿ, ಒಲೆಯ ಮೇಲಿಟ್ಟರೆ ತೊಟ್ಟಿಲಿನಂತೆ ತೂಗುತ್ತಿತ್ತು. ಮೂರನೆಯ ಊರಿನ ಎನಾಮಲ್ ಪಾತ್ರೆಯ ಒಳಗೇ ಲೇಪ ಎದ್ದಿತ್ತು. ತುಕ್ಕು ಹಿಡಿದು ಬಿಯರು ಮೊಳೆಯಂತೆ ರುಚಿಸುತ್ತದೆ ಎಂದು ವ್ಲಾಸ್ತಾ ಹೇಳಿದಳು. ಲುಬೋರ್ ಅದನ್ನೇ ಜೋರಾಗಿ ಅಂಗಡಿಯವನಿಗೆ ಹೇಳಿ, ತನ್ನ ಅನುಭವಕ್ಕೆ ತಾನೇ ತಲೆದೂಗಿದ.

“ಅಮ್ಮನ ಹಂಡೆ ನೆಲಮಾಳಿಗೆಯಲ್ಲಿದೆಯಲ್ಲ ಅಣ್ಣ,” ಎಂದಳು ವಾಪಸು ಬರುವಾಗ.

“ಯಾವುದು, ಪ್ಲಮ್ ಹಣ್ಣಿನ ಬಾಟಲಿ ಕುದಿಸೋದಾ? ಇಪ್ಪತ್ತೈದು ಲೀಟರಿನದು? ಅದು ಹೆಂಗಸರ ಪಾತ್ರೆ ಕಣೇ. ನಾನು ಎಂಬತ್ತು ಲೀಟರ್ ಕಾಯಿಸ್ತೀನಿ.”

“ಎಂಬತ್ತು ಲೀಟರ್ ಯಾರು ಎತ್ತೋದು?”

“ಎತ್ತೋ ವಿಷಯ ಎತ್ತೋವಾಗ ನೋಡ್ಕೊಂಡ್ರಾಯ್ತು.”

ಮುಂದಿನ ವಾರ ಎಂಬತ್ತು ಲೀಟರಿನ ಹಂಡೆ ಪುಕ್ಕಟೆಯಾಗಿಯೇ ಸಿಕ್ಕಿತು. ಚಿಕ್ಕಪ್ಪ ಇಗ್ನಾತ್ಸ್ ಪ್ರತಿ ಚಳಿಗಾಲ ಹಂದಿ ಕೊಯ್ಯುವ ದಿನ ಬೆಳ್ಳುಳ್ಳಿ, ಮರುಗದ ಸೊಪ್ಪು ಹಾಕಿ ತಲೆಮಾಂಸ, ಕರುಳು, ರಕ್ತದ ಸಾರು ಎಲ್ಲವನ್ನೂ ಬೇಯಿಸುವ ಹಂಡೆ ಅದು. ಒಳಗಿನ ಎನಾಮಲ್ ತುಂಬ ಕೂದಲೆಳೆಯಂಥ ಬಿರುಕು. ಬಿರುಕಿನಲ್ಲೆಲ್ಲ ಹಳದಿ ಗೆರೆ.

“ತೊಳೆದಿದೀರಾ ಚಿಕ್ಕಪ್ಪ?” ಎಂದಳು ವ್ಲಾಸ್ತಾ.

“ತೊಳೀದೆ ಇರ್ತೀವಾ ಪುಟ್ಟಿ. ಹೋದ ವರ್ಷ ತಾನೆ ತೊಳೆದದ್ದು.”

ದಿನವಿಡೀ ಮುಲಾಮಿನ ಬಟ್ಟಲು ಉಜ್ಜುವವಳಿಗೆ ಜಿಡ್ಡಿನ ಗುಣ ಚೆನ್ನಾಗಿ ಗೊತ್ತು. “ಅಣ್ಣ, ಬಿರುಕಿನಲ್ಲಿ ಕೊಬ್ಬಿದೆ. ಕೊಬ್ಬಿದ್ರೆ ನೊರೆ ನಿಲ್ಲಲ್ಲ,” ಎಂದಳು. ಲುಬೋರ್ ಹಂಡೆಯನ್ನು ತಟ್ಟಿ ಸದ್ದು ಕೇಳುತ್ತಿದ್ದ. ಮತ್ತೊಮ್ಮೆ ಹೇಳಿದಳು. ಚಿಕ್ಕಪ್ಪ ಹಂಡೆಯ ವಂಶಾವಳಿ ಹೇಳುತ್ತಿದ್ದ. ಮೂರನೆಯ ಸಲ ಹೇಳಿದಾಗ ಇಬ್ಬರೂ ಅವಳತ್ತ ತಿರುಗಿದರು.

“ಯಾಕೆ ಪುಟ್ಟಿ ಸಪ್ಪಗಿದ್ದೀಯ?” ಎಂದ ಚಿಕ್ಕಪ್ಪ.

ನಾಲ್ಕನೆಯ ಸಲ ಅವಳು ಹೇಳಲಿಲ್ಲ. ಬದಲಿಗೆ ಲುಬೋರ್ ತಂದ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಮೂಟೆಯಿಂದ ತನಗೂ ಒಂದು ಪಾಲು ಬೇಕೆಂದು ಅವನಿಗೇ ಹೇಳಿ ಆರು ಕಿಲೋ ತೂಗಿಕೊಂಡಳು. ಅವನು ನಕ್ಕ. ಆ ನಗು ಪುಕ್ಕಟೆಯದಾದ್ದರಿಂದ ಸಾಕಷ್ಟು ಹೊತ್ತು ನಡೆಯಿತು.

ಅಮ್ಮನ ಹಂಡೆಯ ಹೊರಗೆ ಎರಡು ಕಡೆ ಚಕ್ಕೆ ಎದ್ದಿತ್ತು. ಒಳಗೆ ಮಾತ್ರ ಮೊಟ್ಟೆಯ ಚಿಪ್ಪಿನ ನುಣುಪು. ಮುಚ್ಚಳದಲ್ಲಿ ಥರ್ಮಾಮೀಟರಿಗೆಂದೇ ತೂತು. ಅಮ್ಮ ತೀರಿಕೊಂಡ ಮೇಲೆ ಐದು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. ವ್ಲಾಸ್ತಾ ಸೋಡಾ ಪುಡಿ ಹಾಕಿ ಎರಡು ಸಲ ಕುದಿಸಿ ತೊಳೆದಳು. ಭಾನುವಾರ ಬೆಳಿಗ್ಗೆ ಮಾಲ್ಟು ನೆನೆಸಿ, ಬಸಿದು, ಕಹಿಗೆಂದು ಹಾಪ್ ಹೂ ಹಾಕಿ ಕುದಿಸಿ, ತಾನೇ ಎರಡೂ ಕಿವಿ ಹಿಡಿದು ಎತ್ತಿ ಹಿತ್ತಿಲ ಹಿಮದಲ್ಲಿಟ್ಟು ತಣಿಸಿ, ಯೀಸ್ಟ್ ಹಾಕಿ ಹುದುಗು ಬರಲು ಬಿಟ್ಟಳು.

ಅದೇ ಹೊತ್ತಿಗೆ ಲುಬೋರನ ಅಂಗಳದಲ್ಲಿ ಎತ್ತುವ ವಿಷಯ ಬಂದಿತ್ತು. ಅವನು, ಚಿಕ್ಕಪ್ಪ, ಪಕ್ಕದ ಮನೆಯವರಿಬ್ಬರು ಸೇರಿ ಹಗ್ಗ ಕಟ್ಟಿ, ಕೋಲು ತೂರಿಸಿ, ಒಬ್ಬರಿಗೊಬ್ಬರು ಉಪದೇಶ ಮಾಡಿ, ಕೊನೆಗೆ ಹಂಡೆಯನ್ನು ಒಲೆಯ ಮೇಲೇ ಬಿಟ್ಟು ಮಗ್ಗಿನಲ್ಲಿ ತೋಡಿದರು. ತೋಡಲು ಸಂಜೆಯವರೆಗೆ ಹಿಡಿಯಿತು. ಇದು ಹಳೆಯ ಕಾಲದ ವಿಧಾನ ಎಂದು ಲುಬೋರ್ ಮರುದಿನ ಊರಿಗೆಲ್ಲ ವಿವರಿಸಿದ.

ಮಾರ್ಚಿನ ಆ ಸಂಜೆ ಅಪ್ಪನನ್ನು ಇಬ್ಬರು ಹಿಡಿದು ಹುಂಜದ ಮೆಟ್ಟಿಲು ಹತ್ತಿಸಿದರು. ಹೊರಗಿನ ಬಿಯರು ಒಳಗೆ ಬರುವುದನ್ನು ಕಂಡ ಯಜಮಾನ ಗೋಡೆಯ ಕಡೆ ತಿರುಗಿ ಗ್ಲಾಸು ಒರೆಸತೊಡಗಿದ. ಅವನು ಒಪ್ಪಿಗೆ ಕೊಡುವುದು ಹಾಗೆಯೇ.

ಲುಬೋರ್ ಮೊದಲು ಸುರಿದ. ನೊರೆ ಸುಯ್ಯೆಂದು ಎದ್ದು, ತಾನೆಲ್ಲಿಗೆ ಬಂದೆನೆಂದು ನೋಡಿ, ಹಾಗೇ ಇಳಿದುಹೋಯಿತು. ಅಪ್ಪ ಬೆಂಕಿಕಡ್ಡಿ ನಿಲ್ಲಿಸಿದರು. ಅದು ಮಗ್ಗುಲಾಗಿ ತೇಲಿತು. ಅದರ ಸುತ್ತ ಎರಡು ಮೂರು ಜಿಡ್ಡಿನ ಕಣ್ಣುಗಳೂ ತೇಲಿದವು.

“ನೊರೆ ಹೋದ್ರೆ ಹೋಗ್ಲಿ, ರುಚಿ ನೋಡಿ ಅಪ್ಪ,” ಎಂದ ಲುಬೋರ್.

ಅಪ್ಪ ನೋಡಲಿಲ್ಲ. ಸಿಗ್ನಲ್‌ಮ್ಯಾನ್ ಒಂದು ಗುಟುಕು ಕುಡಿದು, ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು, ನುಂಗಿದ.

“ಬೆಳ್ಳುಳ್ಳಿ,” ಎಂದ.

“ಮರುಗ ಕೂಡ,” ಎಂದ ಗಡಿಯಾರದವನು.

ಆ ಮೇಜಿನ ಲೆಕ್ಕದಲ್ಲಿ ಒಂದೇ ನಿಮಿಷಕ್ಕೆ ಇಷ್ಟು ಮಾತು ದುಂದು. ವ್ಲಾಸ್ತಾ ಚೀಲದಿಂದ ಬಾಟಲಿ ತೆಗೆದಳು. ಗ್ಲಾಸನ್ನು ಓರೆಯಾಗಿ ಹಿಡಿದು ನಿಧಾನವಾಗಿ ಸುರಿದಳು. ನಿಧಾನವಾಗಿ ಸುರಿದದ್ದು ಒಳ್ಳೆಯದೇ ಆಯಿತು. ನೊರೆ ಮೂರು ಬೆರಳು ಎದ್ದು ನಿಂತಿತು. ಅಪ್ಪ ಕಡ್ಡಿ ಊರಿದರು. ಕಡ್ಡಿ ನಿಂತಿತು. ಅಪ್ಪ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ನೋಡಿದರು. ಆಗಲೂ ನಿಂತೇ ಇತ್ತು.

“ಅದು ಪ್ಲಮ್ ಪಾತ್ರೇಲಿ ಕಾಯಿಸಿದ್ದು ಅಪ್ಪ,” ಎಂದ ಲುಬೋರ್. “ಒಂದು ಹುಡುಗಿ ಹೋಗಿ ಆ ಮೇಜಲ್ಲಿ ಕೂತ್ರೆ ನೋಡಿದೋರು ಏನಂತಾರೆ?”

“ಏನೂ ಅನ್ನಲ್ಲ. ಅದಕ್ಕೇ ಅಲ್ವೇನೋ ಆ ಮೇಜು ಇರೋದು,” ಎಂದರು ಅಪ್ಪ. ಮೇಜಿನ ಅಂಚು ಹಿಡಿದು ಎದ್ದರು. ತಾವು ಕೂತಿದ್ದ ಕುರ್ಚಿಯನ್ನು ಕಾಲಿನಿಂದ ಅವಳತ್ತ ತಳ್ಳಿದರು.

ವ್ಲಾಸ್ತಾ ಕೂತಳು. ಕುರ್ಚಿಯ ಒಂದು ಕಾಲು ಗಿಡ್ಡ. ಬೆನ್ನಿಗೆ ಒಲೆ ಸುಡುತ್ತದೆ, ಪಾದಕ್ಕೆ ಬಾಗಿಲಿನ ಚಳಿಗಾಳಿ. ನಲವತ್ತು ವರ್ಷ ಅಪ್ಪ ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಪಕ್ಕದ ಮೇಜಿನಲ್ಲಿ ಲುಬೋರ್ ಸ್ಟೀಲ್ ಹಂಡೆಗಳ ಬೆಲೆ ಯಾವ ಊರಿನಲ್ಲಿ ಕಡಿಮೆ ಎಂದು ಚಿಕ್ಕಪ್ಪನಿಗೆ ಹೇಳುತ್ತಿದ್ದ. ಉಳಿದ ಎಪ್ಪತ್ತು ಲೀಟರಿನಲ್ಲಿ ಹಂದಿಯ ತೊಡೆ ನೆನೆಹಾಕಬಹುದು ಎಂದು ಚಿಕ್ಕಪ್ಪ ಸಮಾಧಾನ ಮಾಡುತ್ತಿದ್ದ.

ಅರ್ಧ ಗಂಟೆ ಯಾರೂ ಅವಳನ್ನು ಏನೂ ಕೇಳಲಿಲ್ಲ. ಆಮೇಲೆ ಗಡಿಯಾರದವನು ಖಾಲಿ ಗ್ಲಾಸನ್ನು ಬೆಳಕಿಗೆ ಹಿಡಿದು, ಒಳಗಂಟಿದ ನೊರೆಯ ಉಂಗುರಗಳನ್ನು ನೋಡಿದ.

“ಯಾವ ಹಂಡೆ?”

“ಅಮ್ಮನದು.”

ಅವನು ತಲೆಯಾಡಿಸಿ ಗ್ಲಾಸನ್ನು ಅವಳ ಮುಂದಿಟ್ಟ. ಅವಳು ಇನ್ನೊಂದು ಬಾಟಲಿ ತೆರೆದು ಸುರಿದಳು. ಈ ಸಲ ಯಾರೂ ಬೆಂಕಿಕಡ್ಡಿ ಊರಲಿಲ್ಲ.