ಕುಂಕುಮ ಬಣ್ಣ ಕಾಣುವ ಬಲ್ಬು

ಮನೆಗೊಂದು ಬಲ್ಬು ಆರಿಸಿಕೊಳ್ಳುವುದರಲ್ಲಿ ಹೇಳುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ಹೇಳಲು ಕೂತಾಗ ಇಲ್ಲಿಯೂ ಅದೇ ಅಳುಕು. ಅದರ ಮೇಲೆ, ಒಬ್ಬ ಮರ್ಯಾದಸ್ಥ ಅಂಗಡಿಕಾರ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ನಾಲ್ಕು ಜನರ ಮುಂದೆ ಇಡುವುದು ಸರಿಯೋ ಅಲ್ಲವೋ ಎಂಬುದೂ ಇತ್ಯರ್ಥವಾಗಿಲ್ಲ. ಆದ್ದರಿಂದ ಓದುವವರು ಮೊದಲೇ ಕ್ಷಮಿಸಿಬಿಡಬೇಕು. ಎಲ್ಲಾದರೂ ಹೆಚ್ಚುಕಡಿಮೆಯಾಗಿದ್ದರೆ ಅದು ಹೇಳುವವರ ಕೊರತೆಯೇ ಹೊರತು ಶಿದ್ಲಿಂಗಪ್ಪನದ್ದಲ್ಲ, ಕಾಶೆವ್ವನದ್ದಂತೂ ಅಲ್ಲವೇ ಅಲ್ಲ.

ಶಿದ್ಲಿಂಗಪ್ಪನದು ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ವೈರು, ಸ್ವಿಚ್ಚು, ಬಲ್ಬಿನ ಅಂಗಡಿ. ವಯಸ್ಸು ಐವತ್ಮೂರು. ಕಲ್ಲೋಳಿಯಿಂದ ತಂದುಕೊಂಡ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿಲ್ಲ. ಊಟ ಅಂಗಡಿಯ ಮೇಲಿನ ತಮ್ಮನ ಮನೆಯಲ್ಲಿ. ಅವನ ಅಂಗಡಿಗೆ ಒಂದು ಹೆಸರಿತ್ತು: ಹನ್ನೆರಡು ವ್ಯಾಟಿನ ಬಲ್ಬು ಕೇಳಿ ಬಂದವನಿಗೆ ಕೋಣೆ ಎಷ್ಟು ದೊಡ್ಡದೆಂದು ವಿಚಾರಿಸಿ, "ಒಂಬತ್ತರದು ಸಾಕು, ಸುಮ್ನ ಯಾಕ ಮೀಟರ ಓಡಸ್ತೀರಿ" ಎಂದು ಸಣ್ಣದನ್ನು ಕೊಟ್ಟು ಕಳಿಸುತ್ತಿದ್ದ. ಡಬ್ಬಿಯ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಕನ್ನಡಕ ಏರಿಸಿ ಪೂರ್ತಿ ಓದುವ ಅಂಗಡಿಕಾರ ಆ ಓಣಿಯಲ್ಲಿ ಅವನೊಬ್ಬನೇ.

ಸಂಕ್ರಾಂತಿ ಕಳೆದ ಮೇಲಿನ ಗುರುವಾರ ಮಧ್ಯಾಹ್ನ ಮೂರಕ್ಕೆ ಕಾಶೆವ್ವ ಬಂದಳು. ಕೊಣ್ಣೂರಿನವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಹಗಲು ಸಾಲಿಯಲ್ಲಿ ಮಕ್ಕಳ ಬಿಸಿಯೂಟ ಮಾಡುವ ಕೆಲಸ, ಸಂಜೆ ದೀಪ ಹಚ್ಚುವ ಹೊತ್ತಿನಿಂದ ಹಳೆಯ ಸೀರೆಗಳನ್ನು ಪದರು ಪದರಾಗಿ ಕೂಡಿಸಿ ಕೌದಿ ಹೊಲಿಯುವ ಕೆಲಸ. ಮೂಡಲಗಿಯಿಂದಲೂ ಹುಕ್ಕೇರಿ ಕಡೆಯಿಂದಲೂ ಜನ ಹಳೆಯ ಸೀರೆಯ ಗಂಟು ತಂದು ಆಕೆಯ ಮುಂದೆ ಇಡುತ್ತಿದ್ದರು. ಪ್ರತಿ ಗುರುವಾರ ಬಾಜೂ ಅಂಗಡಿಯ ಸಾತಪ್ಪನ ಹತ್ತಿರ ದಾರ ಕೊಳ್ಳಲು ಬರುವವಳು, ಆವತ್ತು ಕೈಯಲ್ಲಿ ಒಂದು ಹಳೆಯ ಗುಂಡು ಬಲ್ಬು ಹಿಡಿದುಕೊಂಡು ಇತ್ತ ತಿರುಗಿದ್ದಳು.

"ಇಂಥಾದ್ದ ಕೊಡ್ರಿ. ಅರವತ್ತರದು. ಹಳದಿ."

"ಅವು ಈಗ ಬರೂದಿಲ್ರಿ. ಎಲ್ಲಾ ಎಲ್‌ಇಡಿ. ಒಂಬತ್ತು ವ್ಯಾಟಿನ್ಯಾಗ ಇಷ್ಟ ಬೆಳಕು ಕೊಡತಾವು. ನಿಮಗ ಯಾ ಕೆಲಸಕ್ಕ ಬೇಕು, ಅದನ್ನ ಹೇಳ್ರಿ."

"ಕೌದಿ ಹೊಲ್ಯಾಕ. ಬಣ್ಣಾ ಬಣ್ಣಾದಂಗ ಕಾಣಬೇಕು. ಕಣ್ಣಿಗೆ ಚುಚ್ಚಬಾರ್ದು. ಇಷ್ಟ ನೋಡ್ರಿ."

ಇಷ್ಟರಲ್ಲಿ ಎಲ್ಲವೂ ಇತ್ತು. ಬೇಕಾದದ್ದು ಹಳದಿ ಬೆಳಕಿನದು, ಮಿಣುಕದಂಥದ್ದು, ಬಣ್ಣವನ್ನು ಹಗಲಿನಲ್ಲಿ ಕಂಡಂತೆಯೇ ತೋರಿಸುವುದಕ್ಕೆ ಕಂಪನಿಯವರು ಕೊಡುವ ಅಂಕಿ ನೂರಕ್ಕೆ ತೊಂಬತ್ತಕ್ಕಿಂತ ಕಡಿಮೆ ಇಲ್ಲದ್ದು. ಅಂಥದ್ದನ್ನು ಗೋಕಾಕದಲ್ಲಿ ಯಾರೂ ಕೇಳುವುದಿಲ್ಲ, ಆದ್ದರಿಂದ ಇಡುವುದೂ ಇಲ್ಲ. ಬೆಳಗಾವಿಯಿಂದ ತರಿಸಬೇಕು. ಅಲ್ಲಿಯವರೆಗೆ ಇರಲಿ ಎಂದು ಹಾಲಿನಂಥ ಬಿಳಿ ಬೆಳಕಿನದೊಂದನ್ನು ಕೊಟ್ಟು, "ಹಚ್ಚಿ ನೋಡ್ರಿ, ಬ್ಯಾಡಾದ್ರ ತಿರುಗಿ ತರ್ರಿ" ಎಂದ. ಆವತ್ತು ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಎರಡನೆಯ ಗುರುವಾರ ಆಕೆ ತಿರುಗಿ ಬಂದಳು. "ಆಸ್ಪತ್ರ್ಯಾಗ ಕುಂತು ಹೊಲಿದಂಗ ಆತ್ರಿ. ಈ ವಾರ ನನ್ನ ಮನಿ ಬೆಕ್ಕಿನ ಮಾರಿ ನೋಡಿದ್ರೂ ಬ್ಯಾನಿ ಬಿದ್ದಂಗ ಕಾಣತಿತ್ತು." ಶಿದ್ಲಿಂಗಪ್ಪ ನಕ್ಕ. ಅಂಗಡಿಯಲ್ಲಿ ಕುಳಿತು ಬಾಯಿ ತುಂಬ ನಕ್ಕು ಎಷ್ಟು ದಿನವಾಗಿತ್ತೋ, ಆ ನಗೆ ಅವನಿಗೇ ಬೇರೆ ಯಾರದೋ ಎನ್ನಿಸಿತು. ಆಕೆ ಬಸ್ಸಿಗೆ ಹೊತ್ತಿದೆಯೆಂದು ಕುಳಿತಳು. ಸಾಲಿಯ ಸಾರಿಗೆ ಉಪ್ಪು ಎರಡು ಸಲ ಬಿದ್ದದ್ದು, ಮೂಡಲಗಿಯ ಬೀಗರಿಬ್ಬರು ಒಂದೇ ಕೌದಿಗೆ ಜಗಳಾಡಿದ್ದು, ಹೀಗೆ ಮಾತಾಡಿದಳು. ಎಲ್ಲ ಹೆಣ್ಣುಮಕ್ಕಳೂ ಅವನನ್ನು "ಅಣ್ಣಾರ" ಎಂದು ಕರೆಯುತ್ತಿದ್ದರು. ಕಾಶೆವ್ವ "ಶಿದ್ಲಿಂಗಪ್ನವರ" ಎಂದಳು. ಅದು ಅವನ ಕಿವಿಯಲ್ಲಿ ಉಳಿದುಬಿಟ್ಟಿತು.

ಸರಿಯಾದ ಬಲ್ಬು ಎರಡು ದಿನ ಮೊದಲೇ ಬೆಳಗಾವಿಯಿಂದ ಬಂದು ದುಡ್ಡಿನ ಗಲ್ಲೆಯ ಕೆಳಗಿನ ಖಾನೆಯಲ್ಲಿತ್ತು. ಅವನ ಕೈ ಅದರ ಕಡೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಇದನ್ನು ಕೊಟ್ಟರೆ ಆಕೆಗೆ ಇನ್ನು ಈ ಅಂಗಡಿಯಲ್ಲಿ ಏನು ಕೆಲಸ? ಈ ಯೋಚನೆ ಬಂದದ್ದೂ ಗೊತ್ತಾಗಲಿಲ್ಲ, ಅದರ ಮಾತು ಕೇಳಿದ್ದೂ ಗೊತ್ತಾಗಲಿಲ್ಲ. ಮೇಲಿನ ಹಲಗೆಯಿಂದ ಬೇರೆ ಒಂದನ್ನು ತೆಗೆದು, "ಇದನ್ನ ನೋಡ್ರಿ ಈ ಸಲಾ" ಎಂದ.

ಮೂರನೆಯ ಗುರುವಾರದ್ದು ಐದು ವ್ಯಾಟಿನದು, ದೇವರ ಕೋಣೆಗೆ ಸಾಕಾಗುವಷ್ಟು ಬೆಳಕು. ನಾಲ್ಕನೆಯ ಗುರುವಾರದ್ದು ಹಳದಿಯೇ, ಕಣ್ಣಿಗೂ ತಂಪು. ಆದರೆ ಕಡಿಮೆ ದರ್ಜೆಯದು. ಅದರ ಕೆಳಗೆ ಹಸಿರು, ನೀಲಿ ಹೇಗೋ ನಡೆಯುತ್ತವೆ, ಕೆಂಪು ಮಾತ್ರ ಸಾಯುತ್ತದೆ. ಡಬ್ಬಿಯ ಮೇಲೆ ಬಣ್ಣದ ಅಂಕಿಯೇ ಇರಲಿಲ್ಲ, ಇಲ್ಲದ್ದರ ಅರ್ಥ ಅವನಿಗೆ ಗೊತ್ತಿತ್ತು. ಪ್ರತಿ ಬುಧವಾರ ಮಲಗುವಾಗ ನಾಳೆ ಖಂಡಿತ ಸರಿಯಾದದ್ದನ್ನು ಕೊಟ್ಟುಬಿಡುವುದು ಎಂದು ನಿಶ್ಚಯಿಸುತ್ತಿದ್ದ. ಗುರುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದ.

ಸಾತಪ್ಪನ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? "ಏ ಶಿದ್ಲಿಂಗ, ಆ ಬಲ್ಬಿಗೊಂದು ಬಸ್ ಪಾಸ್ ತಗಸಿಕೊಡೋ. ಕೊಣ್ಣೂರ ರಸ್ತೆದಾಗ ನಿನಗಿಂತಾ ಅದ ಹೆಚ್ಚ ಅಡ್ಡಾಡತೈತಿ."

"ಗಿರಾಕಿ ಸಮಾಧಾನ ಆಗಬೇಕಲ್ಲೊ."

"ಯಾರ ಸಮಾಧಾನ? ನನ್ನ ಅಂಗಡ್ಯಾಗ ದಾರದ ಬಣ್ಣ ಒಂದ ಸಲಕ್ಕ ಆರಸ್ತಾಳು. ನಿನ್ನಲ್ಲಿ ತಿಂಗಳ ಬೇಕಾಕ್ಕೈತಿ. ಮಾಲು ಕೆಟ್ಟದ್ದೋ, ಮಾರಾವ ಕೆಟ್ಟಾನೋ?"

ಐದನೆಯ ಗುರುವಾರ ಕಾಶೆವ್ವ ಬಂದಾಗ ಕೈಯಲ್ಲಿ ಬಲ್ಬು ಇರಲಿಲ್ಲ. "ಈ ಸಲಾ ಪರವಾಗಿಲ್ರಿ. ಆದ್ರ ಏನೋ ಒಂದು ಕಡಿಮಿ ಆದಂಗ ಅನಸತೈತಿ" ಎಂದು ಕುಳಿತಳು. ಅವನು, "ಇನ್ನೊಂದು ವಾರ ನೋಡ್ರಿ" ಎಂದ. ಆ ದಿನ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹೋದಳು.

ಆಮೇಲೆ ಸೋಮವಾರ. ಬೆಳಿಗ್ಗೆ ಹತ್ತಕ್ಕೇ, ಸಾಲಿಯ ಅಡಿಗೆಗೆ ಬದಲಿಯವರಿಗೆ ಹೇಳಿ, ಕಂಕುಳಲ್ಲಿ ಗಂಟು ಇಟ್ಟುಕೊಂಡು ಬಂದಳು. ಕುಳಿತುಕೊಳ್ಳಲಿಲ್ಲ. ಅಂಗಡಿಯ ಕಟ್ಟೆಯ ಬಿಸಿಲಿನಲ್ಲಿ ಗಂಟು ಬಿಚ್ಚಿ ಒಂದು ಸಣ್ಣ ಕೌದಿ ಹಾಸಿದಳು. ಕೂಸಿನ ಕೌದಿ.

"ಕಣಗಲಾದ ಮಾಯಾ ಅನ್ನೋ ಹುಡುಗಿದು. ಹಡೆದು ಹತ್ತ ದಿನ ಆಗೇತಿ, ಶುಕ್ರಾರ ತೊಟ್ಟಲಾ, ಕೂಸಿಗೆ ಹೆಸರಿಡತಾರು. ತಾಯಿ ಹ್ವಾದ ವರ್ಷ ತೀರಿಕೊಂಡಾಳು. ತಾಯಿದು ಕುಂಕುಮ ಬಣ್ಣದ್ದೊಂದು ನೂಲಿನ ಸೀರಿ ಕೊಟ್ಟಿದ್ಲು. ಅದು ಮ್ಯಾಲೆ, ನಟ್ಟನಡುವ ಬರಬೇಕು, ನನ್ನ ಕೂಸು ಅವ್ವನ ಮ್ಯಾಲ ಮಲಗಬೇಕು ಅಂದಿದ್ಲು. ಒಳಗ ತುಂಬಾಕ ಅಂತ ಕಾಫಿ ಬಣ್ಣದ ಒಂದು ಹಳೇ ಸೀರಿನೂ ಇತ್ತು."

ಮುಂದಿನದನ್ನು ಹೇಳುವುದು ಬೇಕಿರಲಿಲ್ಲ. ನಟ್ಟನಡುವೆ ಕಾಫಿ ಬಣ್ಣವಿತ್ತು. ತಾಯಿಯ ಸೀರೆ ಒಳಗಿನ ಪದರಾಗಿ, ಸಾವಿರಾರು ಹೊಲಿಗೆಯ ಕೆಳಗೆ ಮುಚ್ಚಿಹೋಗಿತ್ತು. ಎರಡೂ ಸೀರೆ ತೊಳೆದು ತೊಳೆದು ಒಂದೇ ಮೆತ್ತಗಾಗಿದ್ದವು, ಕೈಗೆ ಭೇದ ತಿಳಿಯುವಂತಿರಲಿಲ್ಲ. ಪದರು ಕೂಡಿಸಿದ್ದು ಸಂಜೆ, ನಾಲ್ಕನೆಯ ಗುರುವಾರದ ಆ ಬಲ್ಬಿನ ಕೆಳಗೆ. ಹೊಲಿಯುತ್ತ ಹೋದ ಹಾಗೆ ಕೌದಿಯನ್ನು ಸುತ್ತಿಡುವುದರಿಂದ ನಡುವಿನ ಭಾಗ ಹಗಲು ಕಣ್ಣಿಗೆ ಬೀಳಲೇ ಇಲ್ಲ. ಕೌದಿಯ ಕಡೆಯ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು, ಅದರ ಹೊಟ್ಟೆ ತುಂಬಿಸಿ ಮುಚ್ಚುವುದು ಕಾಶೆವ್ವನಿಗೆ ಆಕೆಯ ತಾಯಿ ಕಲಿಸಿದ ಪದ್ಧತಿ. ಅದನ್ನು ಹಗಲಿನಲ್ಲೇ ಮಾಡಬೇಕು. ಆಯಿತವಾರ ಮಧ್ಯಾಹ್ನ ರೊಟ್ಟಿಯ ಚೂರು ಹಿಡಿದು ಅಂಗಳಕ್ಕೆ ಬಂದು ಹಾಸಿದಾಗ ಕಂಡದ್ದು ಇದು.

"ಮೂವತ್ತು ವರ್ಷ ಹೊಲದೇನ್ರಿ. ಹಿಂಗ ಎಂದೂ ಆಗಿರಲಿಲ್ಲ. ನನ್ನ ಕಣ್ಣ ಹೋಗ್ಯಾವ ಏನ ಅಂತ ಅಂಜಿಕಿ ಆಗೇತಿ. ಕಣ್ಣ ಹ್ವಾದ್ರ ನಂದೇನ ಉಳೀತು?"

"ಕಣ್ಣ ಚೊಲೊ ಅದಾವು. ತಪ್ಪ ನಿಮ್ಮದಲ್ಲ."

"ಮತ್ಯಾರ್ದ್ರಿ?"

ಶಿದ್ಲಿಂಗಪ್ಪ ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿದ. ಒಳಗೆ ಮಬ್ಬಾಯಿತು. ಬಲ್ಬು ಪರೀಕ್ಷಿಸುವ ಹಲಗೆಯ ಕೆಳಗೆ ಕೌದಿ ಹಾಸಿ, ಇನ್ನೂ ಮುಚ್ಚದ ಮೂಲೆಯಿಂದ ತಾಯಿಯ ಸೀರೆಯ ಅಂಚನ್ನು ನಾಲ್ಕು ಬೆರಳಷ್ಟು ಹೊರಗೆಳೆದು, ಕಾಫಿ ಬಣ್ಣದ ಪಕ್ಕಕ್ಕೆ ಇಟ್ಟ. ಮೊದಲು ಆಕೆಯ ಮನೆಯಲ್ಲಿದ್ದಂಥದೇ ಬಲ್ಬು ಹಚ್ಚಿದ. ಎರಡೂ ಒಂದೇ ಬಣ್ಣ, ಒಣಗಿದ ಮಣ್ಣಿನಂತೆ. ಅದನ್ನು ತೆಗೆದು, ಗಲ್ಲೆಯ ಕೆಳಗಿನ ಖಾನೆಯಿಂದ ಇನ್ನೊಂದನ್ನು ತಂದು ಹಚ್ಚಿದ. ಆ ನಾಲ್ಕು ಬೆರಳಿನಷ್ಟು ಬಟ್ಟೆಯಲ್ಲಿ ಕುಂಕುಮ ಎದ್ದು ನಿಂತಿತು.

ಕಾಶೆವ್ವ ಬಟ್ಟೆಯನ್ನು ನೋಡಿದಳು. ಬಲ್ಬನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಇದು ಎಂದ ಬಂತ್ರಿ?"

ನಿನ್ನೆ ಎಂದು ಹೇಳಬಹುದಿತ್ತು. ಬಾಯಿಯ ತುದಿಗೆ ಬಂದೂ ಇತ್ತು. "ಎರಡನೇ ಗುರುವಾರದಕಿಂತಾ ಮೊದಲ" ಎಂದ.

"ಅಂದ್ರ ನಾಕ ಗುರುವಾರ."

"ಹೂಂ."

ಯಾಕೆ ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದನೋ, ಕೇಳದೆ ಇದ್ದದ್ದು ಅದಕ್ಕಿಂತ ಭಾರವಾಯಿತು. ಕೌದಿ ಮಡಿಚಿ ಗಂಟು ಕಟ್ಟಿದಳು. ಬಲ್ಬನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಬಿಚ್ಚಾಕ ನಾಕ ದಿನ, ಮತ್ತ ಹೊಲ್ಯಾಕ ಹತ್ತ ದಿನ. ಶುಕ್ರಾರ ತೊಟ್ಟಲಾ. ಆ ಹುಡುಗಿ ಮುಂದ ಏನಂತ ಹೇಳ್ಲಿ ನಾನು" ಎಂದು ತನಗೆ ತಾನೇ ಅಂದುಕೊಂಡಂತೆ ಅಂದು, ಅರ್ಧ ಬಾಗಿಲಿನ ಕೆಳಗೆ ಬಗ್ಗಿ ಹೋದಳು.

ಮರುದಿನ ಅವನು ಅಂಗಡಿ ತೆರೆಯಲಿಲ್ಲ. ಮೋಟರ್ ಸೈಕಲ್ ಹತ್ತಿ ಹುಕ್ಕೇರಿ ದಾಟಿ ಕಣಗಲಾಕ್ಕೆ ಹೋದ. ವಿಚಾರಿಸುತ್ತ ವಿಚಾರಿಸುತ್ತ ಮಾಯಾಳ ತವರುಮನೆ ಸಿಕ್ಕಾಗ ಹೊತ್ತು ಬಾಗಿತ್ತು. ಬಾಣಂತಿ ಕೋಣೆಯ ಹೊಸ್ತಿಲಲ್ಲಿ ನಿಂತಳು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು. ಅವನು ಪಡಸಾಲೆಯಲ್ಲೇ ನಿಂತು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದ. ಬಲ್ಬು ಕೊಟ್ಟವನು ತಾನು, ಗೊತ್ತಿದ್ದೂ ಕಡಿಮೆ ದರ್ಜೆಯದನ್ನು ಕೊಟ್ಟೆ, ಹೊಲಿದವರದು ಒಂದು ಗುಂಜಿಯಷ್ಟೂ ತಪ್ಪಿಲ್ಲ.

ಮಾಯಾಳ ಕಣ್ಣು ತುಂಬಿತು. "ಅವ್ವನ ಸೀರಿ ಹರದಿಲ್ಲಲ್ರಿ?"

"ಇಲ್ಲವ್ವಾ. ಒಳಗ ಹಂಗ ಐತಿ."

"ತೊಟ್ಟಲಕ್ಕ ಬ್ಯಾರೆ ಏನರ ಹಾಸತೀವಿ. ಯುಗಾದಿ ಮಟಾ ಆದ್ರೂ ನಡೀತೈತಿ. ಆದ್ರ ಅವ್ವ ಮ್ಯಾಲ ಬರಬೇಕ ನೋಡ್ರಿ ಕಾಕಾ." ಹೇಳಿ ಒಳಗೆ ಹೋಗುತ್ತಿದ್ದವಳು ತಿರುಗಿದಳು. "ಅವ್ರ ಸಲುವಾಗಿ ಇಷ್ಟು ದೂರ ಬಂದೀರಿ. ಅವ್ರು ನಿಮಗೇನಾಗಬೇಕ್ರಿ?"

"ಗಿರಾಕಿ" ಎಂದ ಶಿದ್ಲಿಂಗಪ್ಪ. ಹುಡುಗಿ ಸುಮ್ಮನೆ ತಲೆಯಾಡಿಸಿದಳು. ಆ ಒಂದು ಮಾತು ಅವನ ಜೊತೆ ಘಟಪ್ರಭೆಯವರೆಗೂ ಬಂತು. ಗಿರಾಕಿ. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಹಕ್ಕು ಅವನಿಗಿರಲಿಲ್ಲ. ಅಷ್ಟನ್ನೇ ಹೇಳಿದ್ದೂ ಪೂರ್ತಿ ನಿಜವಾಗಿರಲಿಲ್ಲ.

ಕೊಣ್ಣೂರು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಆಕೆಯ ಮನೆ ರಸ್ತೆಗೆ ಹತ್ತಿಕೊಂಡೇ ಇದೆ ಎಂದು ಆಕೆಯೇ ಯಾವುದೋ ಗುರುವಾರ ಹೇಳಿದ್ದಳು. ಸಾಲು ಮನೆಗಳಲ್ಲಿ ಬಿಳಿ ಬೆಳಕು, ಬಿಳಿ ಬೆಳಕು, ನಡುವೆ ಒಂದೇ ಒಂದು ಕಿಡಕಿಯಲ್ಲಿ ಸಂಜೆ ಬಿಸಿಲಿನಂಥ ಬೆಳಕು. ಅವನು ಗಾಡಿ ನಿಲ್ಲಿಸಿದ. ಹೇಳಲು ಕಾರಣವಿತ್ತು, ಮಾಯಾ ಕೊಟ್ಟ ಮಾತಿತ್ತು. ಕಾರಣ ಇಲ್ಲದಿದ್ದರೂ ನಿಲ್ಲಿಸುತ್ತಿದ್ದೆನೇ ಎಂದು ಕೇಳಿಕೊಂಡು, ಉತ್ತರಕ್ಕೆ ಅಂಜಿ, ಬಾಗಿಲ ಮುಂದೆ ನಿಂತ.

ಕಾಶೆವ್ವ ನೆಲದ ಮೇಲೆ ಕುಳಿತು ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತಿದ್ದಳು. ಬಿಚ್ಚಿದ ದಾರದ ಸಣ್ಣ ಗುಡ್ಡೆಯೇ ಪಕ್ಕದಲ್ಲಿತ್ತು. ತಲೆ ಎತ್ತಿದಳು, ಬೆಚ್ಚಲಿಲ್ಲ. ಅವನು ಹೊಸ್ತಿಲಿನಾಚೆಯಿಂದಲೇ ಎಲ್ಲವನ್ನೂ ಹೇಳಿದ. ಯುಗಾದಿಯವರೆಗೆ ಹೊತ್ತಿದೆ, ಹುಡುಗಿಗೆ ಖರೆ ಸಂಗತಿ ಹೇಳಿದ್ದೇನೆ, ನಿಮ್ಮ ಹೆಸರಿಗೆ ಏನೂ ಬಂದಿಲ್ಲ.

"ನೀರ ಕುಡಿತೀರೇನ್ರಿ?"

ಕುಡಿದ. ತಂಬಿಗೆ ಕೆಳಗಿಟ್ಟ.

"ಬೆಳಕ ಚೊಲೊ ಐತಿ," ಎಂದಳು. "ಎಷ್ಟ ದಿನಾ ಬರತೈತ್ರಿ ಇದು?"

ಸುಳ್ಳು ಹೇಳುವುದನ್ನು ನಿನ್ನೆಯೇ ಬಿಟ್ಟಿದ್ದ. "ದಿನಾ ನಾಕ ತಾಸು ಹಚ್ಚಿದ್ರ ಹತ್ತ ವರ್ಷ."

"ಹತ್ತ ವರ್ಷ." ಆಕೆ ಬ್ಲೇಡನ್ನು ಕೆಳಗಿಟ್ಟಳು. ಹೊರಬಂದ ಕುಂಕುಮ ಬಣ್ಣದ ಸೀರೆಯ ಮೇಲೆ ಅಂಗೈ ಆಡಿಸಿ ಸುಕ್ಕು ಬಿಡಿಸಿದಳು. "ಅಷ್ಟ ಚೊಲೊ ಬಲ್ಬ ಯಾಕ ಕೊಟ್ರಿ, ಶಿದ್ಲಿಂಗಪ್ನವರ?"

ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು. ಅವನು ಅದರ ಸದ್ದು ಅಡಗುವವರೆಗೆ ನಿಂತು, "ಬರತೇನ್ರಿ" ಎಂದು ಗಾಡಿ ಹತ್ತಿದ. ಆಕೆ ಹೋಗಿ ಬರ್ರಿ ಎಂದಳು, ಎಲ್ಲರಿಗೂ ಹೇಳುವ ಹಾಗೆಯೇ.

ಆಕೆ ಅದನ್ನು ಕೇಳಿದ್ದು ಸಿಟ್ಟಿಗೋ, ಅಣಕಕ್ಕೋ, ಇನ್ನು ಅಂಗಡಿಗೆ ಬರಲು ನೆವವೇ ಉಳಿಯಲಿಲ್ಲ ಎಂಬ, ಅವನು ಇಷ್ಟು ದಿನ ಕಾದ ಮಾತೇ ಅದಾಗಿತ್ತೋ, ಶಿದ್ಲಿಂಗಪ್ಪನಿಗೆ ಇಂದಿಗೂ ತಿಳಿದಿಲ್ಲ. ಆ ನಾಲ್ಕು ಗುರುವಾರ ಅವನು ಮಾಡುತ್ತಿದ್ದದ್ದು ಆಕೆಗೆ ಗೊತ್ತಿತ್ತೇ, ಗೊತ್ತಿದ್ದೇ ಬರುತ್ತಿದ್ದಳೇ ಎಂಬುದೂ ತಿಳಿದಿಲ್ಲ. ಕೇಳಲು ಅವನಿಗೆ ಧೈರ್ಯವಾಗಿಲ್ಲ. ಹೇಳುವವರಿಗೂ ಇದಕ್ಕಿಂತ ಹೆಚ್ಚು ಗೊತ್ತಿಲ್ಲ.