ನಾಲ್ಕು ನಿಮಿಷದ ಉಂಡೆ

ಗಾರೆ ಮೇಸ್ತ್ರಿಯ ಕಾಲು ಮುರಿದು ಇಪ್ಪತ್ತಮೂರು ದಿನವಾಗಿತ್ತು. ಮೊಣಕಾಲಿನವರೆಗೆ ಆಸ್ಪತ್ರೆಯವರು ಹಾಕಿದ್ದ ಬಿಳಿಯ ಕಟ್ಟಿನ ಬಗ್ಗೆ ಅವನಿಗೆ ಮೊದಲ ದಿನದಿಂದಲೂ ತಕರಾರು. "ಇಲ್ಲಿ ನೋಡಿ, ಉಬ್ಬು. ಇಲ್ಲಿ ತಗ್ಗು. ಕೊನೇಲಿ ಒಂದು ಕೈ ಉಜ್ಜಿಬಿಟ್ಟಿದ್ರೆ ಆ ಡಾಕ್ಟರ ಗಂಟೇನು ಹೋಗ್ತಿತ್ತು?" ಎಂದು ನೋಡಲು ಬಂದವರಿಗೆಲ್ಲ ತೋರಿಸುತ್ತಿದ್ದ. ಹನ್ನೆರಡನೇ ಮಹಡಿಯ ಹೊರಗೋಡೆಗೆ ಸಾರುವೆಯ ಮೇಲೆ ನಿಂತು ಗಾರೆ ಮಾಡಿದವನು ಬಿದ್ದದ್ದು ಸ್ವಂತ ಅಡುಗೆಮನೆಯ ಸ್ಟೂಲಿನಿಂದ, ಬಲ್ಬು ಬದಲಿಸಲು ಹೋಗಿ. ಅದನ್ನು ಮಾತ್ರ ಅವನು ಯಾರಿಗೂ ತೋರಿಸುತ್ತಿರಲಿಲ್ಲ. ಅವನ ಪರವಾಗಿ ಅತ್ತೆ ತೋರಿಸುತ್ತಿದ್ದರು: "ಇದೇ ನೋಡಿ ಆ ಸ್ಟೂಲು. ಒಂದೂವರೆ ಅಡಿ."

ಅತ್ತೆ ಎಂದರೆ ಹೆಂಡತಿಯ ತಾಯಿ. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೂವತ್ತು ವರ್ಷ ಹಾಸಿಗೆ ಬಟ್ಟೆ ಮಡಿಸಿ ನಿವೃತ್ತರಾದವರು. ಕಣ್ಣಿಗೆ ಬಿದ್ದುದನ್ನೆಲ್ಲ ನಾಲ್ಕು ಮಡಿಕೆಗೆ ತರದೆ ಅವರಿಗೆ ಸಮಾಧಾನವಿಲ್ಲ. ಅಳಿಯನೊಬ್ಬ ಮಾತ್ರ ಮಡಿಕೆಗೆ ಸಿಗದೆ ನಡುಮನೆಯಲ್ಲಿ ಕಾಲು ಚಾಚಿಕೊಂಡು ಬಿದ್ದಿದ್ದ.

ಹೆಂಡತಿ ಅವನು ಗಾರೆ ಮಾಡುತ್ತಿದ್ದ ಸೈಟಿನಲ್ಲೇ ದೊಡ್ಡ ಕ್ರೇನ್ ನಡೆಸುತ್ತಿದ್ದಳು. ಇನ್ನೂರ ಹತ್ತು ಮೆಟ್ಟಿಲಿನ ಕಬ್ಬಿಣದ ಏಣಿ, ಅದರ ತುದಿಯಲ್ಲಿ ಬಚ್ಚಲುಮನೆಯಷ್ಟು ಗಾಜಿನ ಗೂಡು, ಅದರೊಳಗೆ ಅವಳು. ಕೆಳಗಿನವರಿಗೆ ಮುಖ ಕಾಣುವುದಿಲ್ಲ, ವಾಕಿಟಾಕಿಯಲ್ಲಿ ದನಿ ಮಾತ್ರ. ಹಾಗಾಗಿ ಇಡೀ ಸೈಟಿಗೆ ಅವಳು ‘ಮೇಲಿನಕ್ಕ’. ಅಲ್ಲಿ ಕ್ರೇನ್ ಹತ್ತಿದ ಮೊದಲ ಹೆಂಗಸು ಅವಳೇ. ಗಂಡಸು ತಡ ಮಾಡಿದರೆ ಗಾಳಿ ಜೋರಿತ್ತು ಅನ್ನುತ್ತಾರೆ, ತಾನು ತಡ ಮಾಡಿದರೆ ಹೆಂಗಸು ಅನ್ನುತ್ತಾರೆ ಎಂಬುದು ಅವಳ ಖಚಿತ ನಂಬಿಕೆ. ಐದು ವರ್ಷದಲ್ಲಿ ಯಾರನ್ನೂ ಒಂದು ನಿಮಿಷ ಕಾಯಿಸಿದವಳಲ್ಲ.

ಮೇಸ್ತ್ರಿ ಮನೆಯಲ್ಲಿ ಕೂತ ಮೇಲೆ ಪಾತ್ರೆ ತೊಳೆಯುವ ಕೆಲಸ ಅವನ ಪಾಲಿಗೆ ಬಂತು; ಅದನ್ನು ಕೂತೂ ಮಾಡಬಹುದು ಎಂದು ಅತ್ತೆ ಕಂಡುಹಿಡಿದಿದ್ದರು. ಹಾಗೆ ತೊಳೆಯಲು ತೆಗೆದಾಗಲೇ ಅವನಿಗೆ ಗೊತ್ತಾದದ್ದು: ಹೆಂಡತಿಯ ಊಟದ ಡಬ್ಬಿ ಹೋದ ಹಾಗೇ ವಾಪಸು ಬರುತ್ತಿದೆ. ಇಷ್ಟು ವರ್ಷ ಅವನು ಕೆಳಗೆ ಕೂತು ಉಣ್ಣುತ್ತ, ಅವಳು ಮೇಲೆ ಉಣ್ಣುತ್ತಿದ್ದಾಳೆ ಎಂದುಕೊಂಡಿದ್ದ.

"ಹಸಿವಿರಲಿಲ್ಲ," ಎಂದಳು ಮೊದಲ ದಿನ. ಎರಡನೇ ದಿನವೂ ಅದೇ. ಮೂರನೇ ದಿನ ಅತ್ತೆ ಬಟ್ಟೆ ಒಣಹಾಕಲು ಹೋದ ಹೊತ್ತು ನೋಡಿ, ದನಿ ತಗ್ಗಿಸಿ, "ಮೊನ್ನೆ ಇಳೀವಾಗ ಕೈ ನಡುಗ್ತು ಕಣ್ರೀ. ಅರ್ಧ ಏಣೀಲಿ ನಿಂತು ಕಂಬ ತಬ್ಬಿಕೊಂಡೆ. ಕಣ್ಣು ಕತ್ತಲೆ ಬಂತು. ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ಇಳಿಸಿಬಿಡ್ತಾರೆ," ಎಂದಳು.

ಆ ಗಾಜಿನ ಗೂಡು ಅವಳಿಗೆ ಎಂಥದೆಂದು ಮೇಸ್ತ್ರಿಗೆ ಗೊತ್ತಿತ್ತು. ನೂರಾ ಐದನೇ ಮೆಟ್ಟಿಲಿನಿಂದ ಕೈಬಿಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಒಂದೂವರೆ ಅಡಿಯಿಂದ ಬಿದ್ದವನ ಕಾಲು ಎದುರಿಗೇ ಇತ್ತು.

"ಯಾಕೆ ತಿನ್ನಲ್ಲ ನೀನು?"

"ಕೈಯೆಲ್ಲ ಜಿಡ್ಡಾಗುತ್ತೆ, ತೊಳೆಯೋಕೆ ನೀರಿಲ್ಲ, ಅದೇ ಕೈಲಿ ಲಿವರ್ ಹಿಡೀಬೇಕು. ಊಟಕ್ಕೆ ಬಿಟ್ಟಾಗ್ಲೇ ಕಾಂಕ್ರೀಟ್ ಲಾರಿ ಬರುತ್ತೆ. ಅದಕ್ಕೇನು ಹಸಿವಾ?"

ಮಾರನೆಯ ದಿನ ಮೇಸ್ತ್ರಿ ಎದುರು ಅಂಗಡಿಯಿಂದ ಒಂದು ಪೀನಟ್ ಬಟರ್ ಸೀಸೆ ತರಿಸಿದ. ಸೀಸೆಯ ಬೆನ್ನ ಮೇಲೆ ಬರೆದಿತ್ತು: ಒಲೆ ಬೇಡ, ಓವನ್ ಬೇಡ, ಓಟ್ಸ್ ಎರಡು ಲೋಟ, ಈ ಬೆಣ್ಣೆ ಒಂದು ಲೋಟ, ಜೇನುತುಪ್ಪ ಅರ್ಧ ಲೋಟ, ಚಾಕೊಲೇಟ್ ಚೂರು ಒಂದು ಹಿಡಿ, ಕಲಸಿ, ಉಂಡೆ ಕಟ್ಟಿ, ಫ್ರಿಜ್ಜಿನಲ್ಲಿ ಗಟ್ಟಿಯಾಗಲು ಬಿಡಿ. ನಿಲ್ಲಲಾರದವನಿಗೆ ಹೇಳಿ ಮಾಡಿಸಿದ ಅಡುಗೆ. ಮೇಸ್ತ್ರಿಗೆ ಓದುತ್ತಲೇ ಹುರುಪು ಬಂತು. ಗಾರೆ ಕಲಸುವ ಹಾಗೇ ಎರಡಕ್ಕೆ ಒಂದು ಪಾಲು, ಮೇಲೆ ಅಂಟು. ಇದು ತನ್ನದೇ ಕೆಲಸ.

"ಬೆಣ್ಣೆ ಅಂತಾರೆ. ಹಸೂನ ಕಣ್ಣಲ್ಲೂ ಕಂಡಿಲ್ಲ ಇದು," ಎಂದರು ಅತ್ತೆ, ಸೀಸೆ ಮೂಸಿ.

"ಕಡಲೆಕಾಯಿದು ಅತ್ತೆ."

"ಅಷ್ಟು ನಂಗೂ ಓದೋಕೆ ಬರುತ್ತೆ ಅಳಿಯಂದ್ರೇ."

ಅವನು ತೊಡೆಯ ಮೇಲೆ ಬೋಗುಣಿ ಇಟ್ಟುಕೊಂಡು, ಅಳೆದು, ಕಲಸಿ, ಹನ್ನೆರಡು ಉಂಡೆ ಕಟ್ಟಿ ತಟ್ಟೆಯಲ್ಲಿ ಸಾಲಾಗಿ ಇಟ್ಟ. ಅರ್ಧ ಗಂಟೆಯಲ್ಲಿ ಉಂಡೆಗಳ ಮೈಮೇಲೆ ಕೂದಲೆಳೆಯಂಥ ಬಿರುಕು ಕಾಣಿಸಿತು. ಬೇರೆ ಯಾರಾದರೂ ಆಗಿದ್ದರೆ ಎಣ್ಣೆ ಕೈಯಲ್ಲಿ ಇನ್ನೊಮ್ಮೆ ಒತ್ತಿ ಸುಮ್ಮನಾಗುತ್ತಿದ್ದರು. ಆದರೆ ಹೊಸ ಗಾರೆ ಬಿರುಕು ಬಿಟ್ಟಿತೆಂದರೆ ನೀರು ಸಾಲಲಿಲ್ಲ ಎಂದೇ ಅರ್ಥ. ಏಳು ದಿನ ಅದಕ್ಕೆ ನೀರು ಕುಡಿಸಬೇಕು. ಇದು ಮೇಸ್ತ್ರಿಯ ರಕ್ತದಲ್ಲಿ ಹರಿಯುತ್ತಿದ್ದ ಜ್ಞಾನ. ಅವನು ಬಟ್ಟಲಿನಲ್ಲಿ ನೀರು ತೆಗೆದುಕೊಂಡು, ಬೆರಳಿನಿಂದ ಚಿಮುಕಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿದ. ಗಂಟೆಗೊಮ್ಮೆ ಮತ್ತೆ ಚಿಮುಕಿಸಿದ. ಬಟ್ಟೆಯ ಮೂಲೆ ಒಣಗದ ಹಾಗೆ ನಿಗಾ ಇಟ್ಟ.

ಸಂಜೆ ಹೆಂಡತಿ ಬಂದು ಬಟ್ಟೆ ಎತ್ತಿದಾಗ ಹನ್ನೆರಡು ಉಂಡೆಗಳು ಒಂದಾಗಿದ್ದವು.

"ಇದೇನಮ್ಮಾ?" ಎಂದಳು.

"ನಿನ್ನ ಗಂಡ ಬೆಳಿಗ್ಗೆಯಿಂದ ನೀರು ಹಾಕಿ ಸಾಕಿದಾರೆ," ಎಂದರು ಅತ್ತೆ. "ಬಾಯಿಗೋ ಗೋಡೆಗೋ ಅಂತ ಕೇಳಿದೆ. ಹೇಳ್ಲಿಲ್ಲ."

"ಬಿರುಕು ಬಿಟ್ಟಿತ್ತು ಕಣೇ," ಎಂದ ಮೇಸ್ತ್ರಿ.

ಅವಳು ಅವನ ಮುಖ ನೋಡಿದಳು, ಬಟ್ಟಲು ನೋಡಿದಳು, ಅರ್ಥವಾಗಿ ಹೋಗಿ, ಗೋಡೆಗೆ ಒರಗಿಕೊಂಡು ನಗತೊಡಗಿದಳು. ನಕ್ಕು ನಕ್ಕು ಹೆಲ್ಮೆಟ್ಟು ಕೈಯಿಂದ ಜಾರಿತು. ಕಾಲು ಮುರಿದ ಮೇಲೆ ಆ ಮನೆಯಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಹಾಳಾದ ತಟ್ಟೆಯ ಬಗ್ಗೆ ಮೇಸ್ತ್ರಿಗಿದ್ದ ದುಃಖ ಅಲ್ಲಿಗೆ ಅರ್ಧಕ್ಕೆ ಇಳಿಯಿತು. ಅವಳು ಒಂದು ಚಮಚ ತೆಗೆದು ತಿಂದು, "ರುಚಿ ಚೆನ್ನಾಗೇ ಇದೆ ಪಾಪ," ಎಂದಳು.

ಎರಡನೇ ಸಲ ಅವನು ನೀರಿನ ಹತ್ತಿರವೇ ಹೋಗಲಿಲ್ಲ. ಬಿರುಕು ಬರಲೇಕೂಡದೆಂದು ಬೆಣ್ಣೆ ಜಾಸ್ತಿ ಹಾಕಿದ. ಒಂದೊಂದು ಉಂಡೆ ಅವನ ಅಂಗೈ ತುಂಬುವಷ್ಟು ದಪ್ಪ. ಬೇಡ ಬೇಡ ಎನ್ನುತ್ತಲೇ ಅವಳು ಮೂರನ್ನು ಕಟ್ಟಿಸಿಕೊಂಡು ಹೋದಳು.

ಅವತ್ತು ಸಂಜೆ ಅವಳಿಗಿಂತ ಮೊದಲು ಪೀಪಿ ಬಂದ. ಕೆಳಗೆ ನಿಂತು ಸೀಟಿ ಊದಿ, ವಾಕಿಟಾಕಿಯಲ್ಲಿ ಕ್ರೇನಿಗೆ ಎತ್ತು ಇಳಿಸು ಹೇಳುವವನು ಅವನು. ಐವತ್ತು ದಾಟಿದರೂ ಸೈಟಿಗೆ ಪೀಪಿಯೇ.

"ಮೇಸ್ತ್ರಿಯಣ್ಣ, ಏನು ತಿನ್ನಿಸಿ ಕಳಿಸಿದ್ದೆ ಅಕ್ಕನಿಗೆ? ಮೂರು ಸಲ ಕೂಗಿದೆ. ‘ಮ್ಮ್’ ಅಂತು. ಇನ್ನೊಂದು ಸಲ ಕೂಗಿದೆ. ‘ಮ್ಮ್ ಮ್ಮ್’. ನನ್ನ ಜೀವ ಬಾಯಿಗೆ ಬಂತು. ಸೂಪರ್‌ವೈಸರ್ ಓಡಿ ಬಂದ, ಒಬ್ಬ ಏಣಿ ಹತ್ತೋಕೆ ಶುರು ಮಾಡ್ದ. ಅವನು ಅರ್ಧ ಹತ್ತಿದ ಮೇಲೆ ಅಕ್ಕ ಮಾತಾಡಿದ್ದು, ‘ಅಂಟಿಕೊಂಡಿತ್ತು’ ಅಂತ. ಹುಕ್ಕು ಖಾಲಿ ಇತ್ತು, ಬಚಾವು."

ಅವಳು ಒಳಗೆ ಬಂದಾಗ ಮುಖ ಕೆಂಪಗಿತ್ತು. "ಹನ್ನೆರಡು ನಿಮಿಷ ಕೆಲಸ ನಿಂತಿತ್ತು," ಎಂದಳು. "ಐದು ವರ್ಷದ ಮಾನ ಹನ್ನೆರಡು ನಿಮಿಷದಲ್ಲಿ ಹೋಯ್ತು. ಇನ್ನು ನಿಮ್ಮ ಉಂಡೆಯ ಸಹವಾಸ ಬೇಡ. ಡಬ್ಬೀನೂ ಬೇಡ. ನಾನು ಹೇಗೋ ಇರ್ತೀನಿ."

ಹೇಗೋ ಇರುವುದೆಂದರೆ ಏನೂ ತಿನ್ನದೆ ಇರುವುದು. ಆಮೇಲಿನ ಎರಡು ದಿನ ಅವಳು ಬರಿಗೈಯಲ್ಲೇ ಹೋದಳು. ಸಂಜೆ ನಾಲ್ಕಾದರೆ ಮೇಸ್ತ್ರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಈಗ ಏಣಿ ಇಳಿಯುತ್ತಿರುತ್ತಾಳೆ, ಈಗ ಅರ್ಧಕ್ಕೆ ಬಂದಿರುತ್ತಾಳೆ ಎಂದು ಮನಸ್ಸಿನಲ್ಲೇ ಒಂದೊಂದು ಮೆಟ್ಟಿಲೂ ಇಳಿಸುತ್ತಿದ್ದ. ಬಾಗಿಲಲ್ಲಿ ಚಪ್ಪಲಿಯ ಸದ್ದಾದ ಮೇಲೆಯೇ ಉಸಿರು ಬಿಡುತ್ತಿದ್ದುದು.

ಭಾನುವಾರ ಅವಳಿಗೆ ರಜೆ. ತಿಂಡಿಯಾದ ಮೇಲೆ ಅವನು ಕೇಳಿದ: "ಒಂದು ಸಲ ಎತ್ತಿ ಇಳಿಸಿದ ಮೇಲೆ ಇನ್ನೊಂದು ಸಲ ಪೀಪಿ ಕೂಗೋವರೆಗೆ ಎಷ್ಟು ಹೊತ್ತು ಸಿಗುತ್ತೆ ನಿನಗೆ?"

"ಹುಕ್ಕು ಕೆಳಗೆ ಹೋಗಿ, ಅವರು ಕಟ್ಟಿ... ನಾಲ್ಕು ನಿಮಿಷ. ಯಾಕೆ?"

"ಗೋಡೆ ಅಳೀದೆ ಗಾರೆ ಕಲಸಿಬಿಟ್ಟಿದ್ದೆ. ಅದಕ್ಕೇ."

ಅವನು ಓಟ್ಸನ್ನು ಮಿಕ್ಸಿಯಲ್ಲಿ ತಿರುಗಿಸಿ, ಮರಳು ಸೋಸುವ ಶ್ರದ್ಧೆಯಲ್ಲಿ ಜರಡಿ ಹಿಡಿದ. ಬೆಣ್ಣೆ ಇಳಿಸಿ ಜೇನು ಏರಿಸಿದ. ಒಂದು ಚಿಟಿಕೆ ಉಪ್ಪು. ನೆಲ್ಲಿಕಾಯಿಯಷ್ಟು ನಾಲ್ಕು, ಗೋಲಿಯಷ್ಟು ಇಪ್ಪತ್ತು ಕಟ್ಟಿ, ಉಳಿದ ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿದ. ಗಾರೆಗೆ ಕೊನೆಯ ಲೇಪ ಹೇಗೋ ಹಾಗೆ. ಹಿಡಿದ ಬೆರಳಿಗೆ ಜಿಡ್ಡು ತಾಗದು. ಹೆಂಡತಿಯನ್ನು ಎದುರು ಕುರ್ಚಿಯಲ್ಲಿ ಕೂರಿಸಿ, ಎರಡು ಕೈಗೂ ಒಂದೊಂದು ಸೌಟು ಕೊಟ್ಟ.

"ಇದೇನು?"

"ಲಿವರ್ರು. ನಾನು ಪೀಪಿ. ತಿನ್ನು."

"ಅಮ್ಮ, ನೋಡು ಇವರ ಆಟ."

"ನೋಡ್ತಿದೀನಿ," ಎಂದರು ಅತ್ತೆ, ದಿಂಬಿನ ಚೀಲ ಮಡಿಸುತ್ತ. "ಸೌಟು ಬೀಳಿಸ್ಬೇಡ."

ಮೊದಲು ನೆಲ್ಲಿಕಾಯಿ. ಮೇಸ್ತ್ರಿ ಅಳತೆ ಟೇಪನ್ನು ವಾಕಿಟಾಕಿಯ ಹಾಗೆ ಬಾಯಿಗೆ ಹಿಡಿದು, ಪೀಪಿಯ ಮೂಗುದನಿಯಲ್ಲೇ, "ಮೇಲಿನಕ್ಕಾ, ಕಟ್ಟಾಯ್ತು, ಎತ್ತಿ!" ಎಂದ. ಅವಳ ಬಾಯಿ ಅಗಿಯುತ್ತಲೇ ಇತ್ತು. ನೆಲ್ಲಿಕಾಯಿ ಫೇಲು. ಆಮೇಲೆ ಗೋಲಿ. "ಮೇಲಿನಕ್ಕಾ!" ಎನ್ನುವಷ್ಟರಲ್ಲಿ, "ಕೇಳಿಸ್ತು, ಎತ್ತುತ್ತಿದೀನಿ," ಎಂದು ಸ್ಪಷ್ಟವಾಗಿ ಬಂತು. ಅವಳಿಗೇ ಆಶ್ಚರ್ಯ. ಇನ್ನೊಂದು ತಿಂದಳು. ಇನ್ನೊಂದು. ಬಲಗೈ ಸೌಟಿನಿಂದ ತಟ್ಟೆಗೆ, ತಟ್ಟೆಯಿಂದ ಸೌಟಿಗೆ ತಾನಾಗಿ ಓಡಾಡತೊಡಗಿತು.

ಒಂದು ಸಲ ಮೇಸ್ತ್ರಿ ಬೇಕೆಂದೇ ಬೇಗ ಕೂಗಿದ. ಅವಳು ಗಡಿಬಿಡಿಯಲ್ಲಿ ನುಂಗಲು ಹೋಗಿ ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು.

"ಯಾಕಷ್ಟು ಅವಸರ? ‘ಒಂದು ನಿಮಿಷ ತಾಳು’ ಅಂದ್ರಾಗಲ್ವಾ?"

"ಆಗಲ್ಲ."

"ಯಾಕಾಗಲ್ಲ?"

"ಆಗಲ್ಲ ಅಂದ್ರೆ ಆಗಲ್ಲ. ನಿಮಗೆ ಗೊತ್ತಾಗಲ್ಲ ಅದು. ನೀವು ಬೀಡಿ ಸೇದೋಕೆ ನಿಂತ್ರೆ ಯಾರೂ ಏನೂ ಅನ್ನಲ್ಲ."

ಅದು ನಿಜವೇ. ಮೇಸ್ತ್ರಿ ಟೇಪು ಕೆಳಗಿಟ್ಟ. ಪೀಪಿಯ ದನಿ ಬಿಟ್ಟು ತನ್ನ ದನಿಯಲ್ಲಿ ಹೇಳಿದ: "ನಾನು ಒಂದು ಗೋಡೆ ಮುಗಿಸಿದ್ರೆ ಏಳು ದಿನ ಅದನ್ನ ಯಾರೂ ಮುಟ್ಟಲ್ಲ. ಬಣ್ಣದವನು ಕಾಯ್ತಾನೆ, ಬಡಗಿ ಕಾಯ್ತಾನೆ, ಇಂಜಿನಿಯರೂ ಕಾಯ್ತಾನೆ. ಗೋಡೆಗೆ ಏಳು ದಿನ ಕಾಯೋರು ನಿನಗೆ ಒಂದು ನಿಮಿಷ ಕಾಯ್ಲಿ. ಕಾಯದೆ ಹೋದ್ರೆ ಬೈದುಕೊಳ್ಲಿ. ನೀನು ಆ ಏಣಿ ಇಳಿದು ಮನೆಗೆ ಬಂದ್ರೆ ಸಾಕು."

ಅತ್ತೆಯ ಕೈಯಲ್ಲಿ ದಿಂಬಿನ ಚೀಲ ಎರಡನೇ ಮಡಿಕೆಯಲ್ಲೇ ನಿಂತಿತ್ತು. ‘ಏಣಿಗೇನಾಯ್ತು?’ ಎಂದು ಕೇಳುವವರಿದ್ದರು, ಮಗಳ ಮುಖ ನೋಡಿ ಕೇಳಲಿಲ್ಲ. ಎದ್ದು ಹೋಗಿ ಒಂದು ಸಣ್ಣ ಡಬ್ಬಿ ತಂದು ಉಳಿದ ಉಂಡೆಗಳನ್ನು ಒಳಗೆ ಜೋಡಿಸತೊಡಗಿದರು, ಎಷ್ಟೋ ವರ್ಷದಿಂದ ಅದೇ ಕೆಲಸ ಮಾಡಿದವರ ಹಾಗೆ, ಸಾಲು ತಪ್ಪದೆ.

ಸೋಮವಾರ ಡಬ್ಬಿ ಅರ್ಧ ಖಾಲಿಯಾಗಿ ಬಂತು. ಮಂಗಳವಾರ, ಬುಧವಾರ ಪೂರ್ತಿ ಖಾಲಿ. ತಿಂದಳೋ, ಯಾರಿಗಾದರೂ ಕೊಟ್ಟಳೋ? ಕೇಳಿದರೆ ಜಗಳ. ಮೇಸ್ತ್ರಿ ಕೇಳದೆ, ದಿನಾ ಇಪ್ಪತ್ತು ಕಟ್ಟಿ ಕಳಿಸಿದ.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಫೋನ್ ಬಂತು. ಪೀಪಿ.

ಮೇಸ್ತ್ರಿ ಕುರ್ಚಿ ಹಿಡಿದು ಅರ್ಧ ಎದ್ದ. "ಏನಾಯ್ತೋ? ಅವಳು..."

"ಏನೂ ಆಗಿಲ್ಲ. ಬಾಯಿ ಮುಚ್ಕೊಂಡು ಕೇಳು. ನಾನು ಹೇಳಿದ್ರೆ ನೀನು ನಂಬಲ್ಲ. ನಿನ್ನೆಯಿಂದ ಶುರುವಾಗಿದೆ."

ಗರಗರ ಸದ್ದಾಯಿತು, ಪೀಪಿ ಫೋನನ್ನು ವಾಕಿಟಾಕಿಯ ಪಕ್ಕಕ್ಕೆ ಹಿಡಿದಿರಬೇಕು. "ಮೇಲಿನಕ್ಕಾ, ಕಂಬಿ ಕಟ್ಟಾಯ್ತು. ಎತ್ತಿ."

ಉತ್ತರ ಬರಲಿಲ್ಲ. ಆಮೇಲೆ, ಅಷ್ಟು ಎತ್ತರದಿಂದ ಹೊರಟು, ವಾಕಿಟಾಕಿಯಿಂದ ಫೋನಿಗೆ ದಾಟಿ, ನಡುಮನೆಯಲ್ಲಿ ಕಾಲು ಚಾಚಿ ಕೂತವನ ಕಿವಿಗೆ ಅವಳ ದನಿ ಬಂತು, ಯಾವ ಗಡಿಬಿಡಿಯೂ ಇಲ್ಲದೆ: "ಒಂದು ನಿಮಿಷ ತಾಳೋ. ತಿಂತಾ ಇದೀನಿ."

"ಲಾರಿ ಬಂದು ನಿಂತಿದೆ ಅಕ್ಕ."

"ನಿಂತಿರ್ಲಿ. ಇನ್ನೂ ಮೂರಿದೆ."

ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿ ಹಿಡಿದ. ಎಲ್ಲೋ ಮಿಕ್ಸರ್ ತಿರುಗುತ್ತಿತ್ತು. ಲಾರಿಯವನು ಒಮ್ಮೆ ಹಾರನ್ ಹೊಡೆದ, ಯಾರೋ ಅವನಿಗೆ ಏನೋ ಹೇಳಿದರು, ಅವನು ಸುಮ್ಮನಾದ. ಸೂಪರ್‌ವೈಸರ್ ಕೆಮ್ಮಿದ ಹಾಗಾಯಿತು, ಆಮೇಲೆ ಅವನೂ ಸುಮ್ಮನಾದ.

"ಯಾರು ಫೋನು? ಏನಂತೆ?" ಎಂದು ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು.

ಮೇಸ್ತ್ರಿ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, ಮುಖವೆಲ್ಲ ಅರಳಿಸಿ, ಪಿಸುಮಾತಿನಲ್ಲಿ ಹೇಳಿದ: "ಸೈಟಲ್ಲಿ ಕೆಲಸ ನಿಂತಿದೆ ಅತ್ತೆ."